ಸಮುದ್ರವಿಲ್ಲದ ದೇಶದ ತೊಗರಿ

ಜೆಬೆಲ್ ಅಲಿಯ ಗೋದಾಮಿನ ಬಾಗಿಲು ತೆರೆದಾಗ ನನ್ನ ಮೂಗಿಗೆ ಬಡಿದದ್ದು ನಮ್ಮ ಹೊಲದ ವಾಸನೆ. ಕಾಲು ಅಲ್ಲೇ ನಿಂತವು. ರಾಶಿ ಮುಗಿದ ಮೇಲೆ ಕಣದಲ್ಲಿ ಒಣ ತೊಗರಿ ಹೊಟ್ಟಿನದೊಂದು ವಾಸನೆ ಇರುತ್ತದೆ, ತುಸು ಕಹಿ, ತುಸು ಮಣ್ಣು, ಗಂಟಲಲ್ಲಿ ಕೆರೆತ ಎಬ್ಬಿಸುವಂಥದ್ದು. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವಳು, ಆ ವಾಸನೆಯಲ್ಲೇ ಬೆಳೆದವಳು. ದುಬೈಗೆ ಹೊರಡುವಾಗ ಎತ್ತರದ ಕಟ್ಟಡಗಳಿಗೆ, ಬಿಸಿಲಿಗೆ, ತಿಳಿಯದ ಭಾಷೆಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಂದಿದ್ದೆ. ಮರಳುಗಾಡಿನ ನಡುವೆ, ತಗಡಿನ ಚಾವಣಿಯ ಕೆಳಗೆ, ನಮ್ಮ ಕಣ ಎದುರಾಗುತ್ತದೆಂದು ಯಾರು ಅಂದುಕೊಂಡಿರುತ್ತಾರೆ?

ಚೀಲವೊಂದಕ್ಕೆ ಕೈ ಹಾಕಿ ಮುಷ್ಟಿ ತುಂಬ ಕಾಳು ತೆಗೆದೆ. "ಇದು ನಮ್ಮ ಕಡಿ ತೊಗರಿ," ಎಂದೆ. ಕಣ್ಣು ತುಂಬಿ ಬಂದಿತ್ತು.

ಪಕ್ಕದಲ್ಲಿದ್ದ ಹಮೀದ್ ನಕ್ಕರು. "ನಿಮ್ಮ ಕಡೆದ್ದು ಅಲ್ಲ ಮಾರಾಯ್ರೆ. ಇದು ಮಲಾವಿದು. ಆಫ್ರಿಕಾ."

ಹಮೀದ್ ನನಗೆ ಕೆಲಸ ಕೊಟ್ಟವರು. ಬಂಟ್ವಾಳದ ಕಡೆಯ ಬ್ಯಾರಿಗಳು. ಹರೆಯದಲ್ಲೇ ದುಬೈಗೆ ಬಂದು, ಬೇಳೆಕಾಳಿನ ವ್ಯಾಪಾರ ಕಟ್ಟಿದವರು. ಕಾಳಿನ ತೇವ, ಹುಳು, ಕಲ್ಲು, ಮಿಶ್ರಣ ಪರೀಕ್ಷಿಸಿ ಹೇಳುವುದು ನನ್ನ ಕೆಲಸ. ಊರಲ್ಲಿದ್ದಾಗ ಬೇಳೆ ಗಿರಣಿಯೊಂದರಲ್ಲಿ ಅದೇ ಕೆಲಸ ಮಾಡುತ್ತಿದ್ದೆ.

ಅವರು ಗೋಡೆಯ ನಕ್ಷೆಯಲ್ಲಿ ಆ ದೇಶ ತೋರಿಸಿದರು. ಉದ್ದನೆಯ ಒಂದು ಸರೋವರ, ಅದಕ್ಕೆ ಅಂಟಿಕೊಂಡ ಕಿರಿದಾದ ನೆಲ. ಎಲ್ಲ ದಿಕ್ಕಿಗೂ ಬೇರೆಯವರ ಗಡಿ, ಸಮುದ್ರವೇ ಇಲ್ಲ. ಮಾಲು ಲಾರಿಯಲ್ಲಿ ಪಕ್ಕದ ಮೊಜಾಂಬಿಕಿನ ಬಂದರಿಗೆ ಹೋಗಬೇಕು, ಅಲ್ಲಿಂದ ಹಡಗಿನಲ್ಲಿ ದುಬೈಯ ಈ ಜೆಬೆಲ್ ಅಲಿ ಬಂದರಿಗೆ ಬರಬೇಕು, ಇಲ್ಲಿ ಹಡಗು ಬದಲಿಸಿ ಮುಂಬೈಗೆ.

"ಇಷ್ಟು ಸುತ್ತಿ ಬಂದ ತೊಗರಿ ಇಂಡಿಯಾದಲ್ಲಿ ಯಾರು ತಗೋತಾರ್ರಿ? ನಮ್ಮಲ್ಲೇ ಬೆಳೀತದಲ್ಲ?"

"ನಮ್ಮದು ನಮ್ಗೆ ಸಾಲುದಿಲ್ಲ. ಮತ್ತೆ ಇವ್ರು ಜಗತ್ತಿನಲ್ಲೇ ತೀರಾ ಬಡದೇಶದವ್ರಲ್ವಾ, ಅದಕ್ಕೆ ಇಂಡಿಯಾ ಇವ್ರ ಮಾಲಿಗೆ ಸುಂಕ ಹಾಕುದಿಲ್ಲ. ಬೇರೆಯವ್ರಿಗೆ ಬಾಗಿಲು ಮುಚ್ಚಿದ್ರೂ ಇವ್ರಿಗೆ ಅಂತ ಒಂದು ಕಿಟಕಿ ಉಂಟು. ಆದ್ರೆ ಮಾಲು ಅವ್ರ ನೆಲದ್ದೇ ಆಗ್ಬೇಕು. ದಾರಿಯಲ್ಲಿ ಬೇರೆ ದೇಶದ್ದು ಒಂದು ಮುಷ್ಟಿ ಸೇರಿದ್ರೂ ಖಲಾಸ್."

ಖಲಾಸ್ ಎಂದರೆ ಮುಗಿಯಿತು. ನಾನು ಇಲ್ಲಿ ಕಲಿತ ಮೊದಲ ಅರಬ್ಬಿ ಪದ ಅದೇ.

ಕೈಯಲ್ಲಿದ್ದ ಕಾಳನ್ನು ಚೀಲಕ್ಕೆ ವಾಪಸ್ ಸುರಿದೆ. ನನ್ನ ತಮ್ಮ ಶಿವು ಊರಲ್ಲಿ ತೊಗರಿ ಬೆಳೆಯುತ್ತಾನೆ. ಪ್ರತಿವರ್ಷ ರಾಶಿಗೆ ಮುಂಚೆ ಅವನ ಬಾಯಲ್ಲಿ ಒಂದೇ ಮಾತು: ಹೊರದೇಶದ ತೊಗರಿ ಬಂದು ನಮ್ಮ ರೇಟು ಬಿತ್ತು. ಆ ಹೊರದೇಶ ಎಲ್ಲಿದೆ, ಅಲ್ಲಿ ಯಾರಿದ್ದಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಈಗ ನಾನೇ ಅದರ ಬಾಗಿಲಲ್ಲಿ ನಿಂತಿದ್ದೆ.

ನಮ್ಮ ಮನೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ಮನೆ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಅಡಿಗೆ. ಇಡೀ ಬಡಾವಣೆಯ ಕಟ್ಟಡಗಳೆಲ್ಲ ಅವಳಿಜವಳಿಗಳಂತೆ. ಅದೇ ಎತ್ತರ, ಅದೇ ಬಾಲ್ಕನಿ, ಅದೇ ಬೇಲಿಗಿಡ. ಮೊದಲ ವಾರ ನಾನು ಬೇರೆಯವರ ಬಾಗಿಲಿಗೆ ಕೀಲಿಕೈ ತುರುಕಿದಾಗ ಒಳಗಿನಿಂದ ಫಿಲಿಪ್ಪೀನ್ಸಿನ ಹೆಂಗಸೊಬ್ಬಳು ಚೀರಿಕೊಂಡಿದ್ದಳು. ಆಮೇಲೆ ಆಕೆಯೇ ಪರಿಚಯವಾಗಿ, ನಾನು ಕೆಲಸದಿಂದ ಬರುವುದು ತಡವಾದರೆ ನನ್ನ ಮಗಳು ಸಾನ್ವಿಯನ್ನು ನೋಡಿಕೊಳ್ಳತೊಡಗಿದಳು.

ಸಾನ್ವಿ ಎರಡನೇ ಕ್ಲಾಸು. ಅವಳೂ ನಾನೂ ಇಲ್ಲಿ, ನನ್ನ ಗಂಡ ಬಸವರಾಜ ಅಬುಧಾಬಿಯ ಬನಿಯಾಸ್‌ನಲ್ಲಿ. ಕಟ್ಟಡ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್, ಕಂಪನಿಯ ಕೋಣೆಯಲ್ಲಿ ವಾಸ. ಅವನ ಕೆಲಸದ ಮೇಲೆ ಹೆಂಡತಿ ಮಕ್ಕಳಿಗೆ ವೀಸಾ ಸಿಗುವುದಿಲ್ಲ. ನನ್ನ ಕೆಲಸದ ಮೇಲೆ ಮಗಳಿಗೆ ಸಿಕ್ಕಿದೆ. ಎಂದರೆ ನನ್ನ ಕೆಲಸ ಹೋದರೆ ನಾವಿಬ್ಬರೂ ವಿಮಾನ ಹತ್ತಬೇಕು. ಭಾನುವಾರ ಅವನು ಬಸ್ಸು ಬದಲಿಸುತ್ತ ಬರುತ್ತಾನೆ, ಉಂಡು ಮಲಗಿ ಎದ್ದು ಹೋಗುತ್ತಾನೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡ ನೆಂಟನಂತೆ ಬರುವುದು, ನಾನು ಅವನಿಗೆ ಒಳ್ಳೆಯ ತಟ್ಟೆ ಹುಡುಕಿ ಕೊಡುವುದು, ಇದಕ್ಕೆ ಇನ್ನೂ ಒಗ್ಗಿಲ್ಲ.

ಊರಲ್ಲಿ ಬಾಗಿಲು ತೆರೆದರೆ ಮಾತು. ಇಲ್ಲಿ ಲಿಫ್ಟಿನೊಳಗೆ ಎಲ್ಲರೂ ನೆಲ ನೋಡುತ್ತಾರೆ. ಕನ್ನಡದವರು ಬೇಕಾದಷ್ಟಿದ್ದಾರೆ, ಆದರೆ ಬಹುತೇಕ ಕರಾವಳಿಯವರು. ಚರ್ಚಿಗೆ ಹೋಗುವ ಕೊಂಕಣಿಯವರು, ಬ್ಯಾರಿಗಳು, ತುಳು ಮಾತಾಡುವವರು. ನಾನು ಬಾಯಿ ತೆರೆದರೆ ಅವರಿಗೆ ಆಶ್ಚರ್ಯ. "ನೀವು ಸಿಟ್ಟಲ್ಲಿದ್ದೀರಾ?" ಎಂದು ಆಫೀಸಿನ ಲೆಕ್ಕಪತ್ರದ ಫ್ಲಾವಿಯಾ ಒಂದು ಸಲ ಮೆಲ್ಲಗೆ ಕೇಳಿದಳು. "ಇಲ್ರಿ, ನಾವು ಮಾತಾಡೋದೇ ಹಿಂಗ," ಎಂದೆ. ಅವಳು ತಂದುಕೊಟ್ಟ ಸಾನ್ನ, ನಮ್ಮ ಇಡ್ಲಿಗಿಂತ ಮೆತ್ತಗೆ, ಕಳ್ಳಿನ ಹುಳಿ ಇಲ್ಲದಿದ್ದರೂ ಚೆನ್ನಾಗಿತ್ತು. ನಾನು ಕೊಟ್ಟ ಜೋಳದ ರೊಟ್ಟಿಯನ್ನು ಅವಳು ಬಹಳ ಹೊತ್ತು ಅಗಿದಳು. ಜೋಳದ ಹಿಟ್ಟು ಸಿಕ್ಕಿದ್ದು ಸುಡಾನಿನವರ ಅಂಗಡಿಯಲ್ಲಿ. ವಿದ್ಯುತ್ ಒಲೆಯ ಮೇಲೆ ರೊಟ್ಟಿ ಮೊದಲ ಬಾರಿ ಉಬ್ಬಿದ ದಿನ ಸಾನ್ವಿಯನ್ನು ಕರೆದು ತೋರಿಸಿದೆ. "ವಾವ್ ಅಮ್ಮಾ," ಎಂದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

ತಮ್ಮನಿಗೆ ನಾನು ಕಾಳುಕಡಿ ಕಂಪನಿಯಲ್ಲಿದ್ದೇನೆ ಎಂದಷ್ಟೇ ಹೇಳಿದ್ದೆ. ಯಾವ ಕಾಳು, ಎಲ್ಲಿಯದು ಎಂದು ಅವನೂ ಕೇಳಲಿಲ್ಲ.

ಹಾಗೇ ಒಂದು ವರ್ಷ ಕಳೆಯಿತು. ಮರುವರ್ಷ, ನಮ್ಮೂರಲ್ಲಿ ತೊಗರಿ ಹೂ ಬಿಡುವ ಹೊತ್ತಿಗೆ, ಮಲಾವಿಯಿಂದ ಬಂದ ಕಂಟೇನರುಗಳಲ್ಲಿ ಒಂದು ಸೋರಿತ್ತು. ಚಾವಣಿಯ ಮೂಲೆ ಹರಿದು ನೀರು ಇಳಿದಿತ್ತು. ಬಂದರಿನಲ್ಲಿ ಹಡಗು ಬದಲಿಸುವಾಗ ಗೊತ್ತಾಯಿತು. ಹಮೀದ್ ಊರಿಗೆ ಹೋಗಿದ್ದರು, ನಾನೇ ಹೋದೆ. ಸುಂಕದ ಅಧಿಕಾರಿಯ ಎದುರಿನಲ್ಲೇ ಬಾಗಿಲು ತೆರೆಸಿ, ಒದ್ದೆಯಾದ ಚೀಲಗಳನ್ನು ಬೇರೆ ತೆಗೆಸಿ, ಒಣಗಿದ್ದನ್ನೆಲ್ಲ ಇನ್ನೊಂದು ಕಂಟೇನರಿಗೆ ದಾಟಿಸಿದೆ. ಎಲ್ಲ ಮುಗಿದು ಹೊಸ ಸೀಲು ಬೀಳುವವರೆಗೂ ಬಿಸಿಲಲ್ಲೇ ನಿಂತಿದ್ದೆ. ಒಂದು ಚೀಲವನ್ನೂ ಬಿಚ್ಚಲಿಲ್ಲ, ಹೊರಗಿನದು ಒಂದು ಕಾಳೂ ಸೇರಲಿಲ್ಲ.

ಮುಂಬೈ ಹಡಗಿಗೆ ಕಾಯುತ್ತಿದ್ದ ಆ ಮಾಲು ಥೋಕೊ ಎಂಬ ಹೆಂಗಸಿನ ರೈತ ಸಂಘದ್ದು. ದಕ್ಷಿಣ ಮಲಾವಿಯ ಹಳ್ಳಿಗಳ ರೈತರು ಸೇರಿ ಕಟ್ಟಿಕೊಂಡ ಸಂಘ, ಅವಳು ಅದರ ಕಾರ್ಯದರ್ಶಿ, ಮಾಲನ್ನು ಮುಂಬೈಗೆ ದಾಟಿಸುವ ನಡುವಿನವರು ಹಮೀದ್. ಅಷ್ಟರಲ್ಲಿ ದುಬೈಯಲ್ಲಿ ದೊಡ್ಡ ಆಹಾರ ಮೇಳ ಶುರುವಾಗುವುದಿತ್ತು. ಅವಳು ಅದಕ್ಕೆ ಬರುವವಳಿದ್ದಳು, ಮಾಲು ಕೊಳ್ಳುವ ಮುಂಬೈಯವರೂ ಬರುವವರಿದ್ದರು. ಮೇಳದ ದಿನಗಳಲ್ಲಿ ಹೋಟೆಲುಗಳು ತುಂಬಿ ತುಳುಕುತ್ತವೆ. "ನಿಮ್ಮಲ್ಲಿ ನಾಲ್ಕು ದಿನ ಉಳಿಸಿಕೊಳ್ತೀರಾ?" ಎಂದು ಹಮೀದ್ ಕೇಳಿದರು. ಹೂಂ ಎಂದೆ. ಮನೆಗೆ ಯಾರಾದರೂ ಬರುತ್ತಾರೆ ಎನ್ನುವುದೇ ನನಗೆ ಹಬ್ಬವಾಗಿತ್ತು.

ಥೋಕೊ ನನ್ನಷ್ಟೇ ವಯಸ್ಸಿನವಳು, ನನಗಿಂತ ಎತ್ತರ. ಬಾಗಿಲಲ್ಲಿ ಮೊಣಕಾಲು ತುಸು ಬಾಗಿಸಿ, ಎರಡೂ ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಮೆಲ್ಲಗೆ ತಟ್ಟಿ "ಜಿಕೊಮೊ" ಎಂದಳು. ಹಾಗೆಂದರೆ ಧನ್ಯವಾದ. ಅವತ್ತು ತೊಗರಿಬೇಳೆಯ ಸಾರು ಮಾಡಿದ್ದೆ. ಅವಳು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಹುಬ್ಬೇರಿಸಿದಳು.

"ಇದು ನಂಡೋಲೊ ಅಲ್ಲವೇ?" ಎಂದಳು ಇಂಗ್ಲಿಷಿನಲ್ಲಿ. ನಂಡೋಲೊ ಎಂದರೆ ಅವರ ಭಾಷೆಯಲ್ಲಿ ತೊಗರಿ. "ಇಷ್ಟೆಲ್ಲ ವರ್ಷ ನಿಮಗೆ ಕಳಿಸಿದ್ದೇನೆ. ನೀವು ಇದನ್ನು ಏನು ಮಾಡುತ್ತೀರಿ ಎಂದು ಇವತ್ತೇ ನೋಡುತ್ತಿರುವುದು. ಸಿಪ್ಪೆ ಎಲ್ಲಿ ಹೋಯಿತು?"

ಸಿಪ್ಪೆ ತೆಗೆದು ಒಡೆದು ಬೇಳೆ ಮಾಡುತ್ತೇವೆ ಎಂದೆ. ಅವಳಿಗೆ ನಂಬಲಾಗಲಿಲ್ಲ. ಅವರು ಇಡೀ ಕಾಳನ್ನೇ ಬೇಯಿಸಿ ಸಿಮಾ ಜೊತೆ ತಿನ್ನುತ್ತಾರಂತೆ. ಸಿಮಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಅವಳು ಎರಡನೇ ಸಲ ಹಾಕಿಸಿಕೊಂಡಳು, ಮೂರನೇ ಸಲವೂ ಹಾಕಿಸಿಕೊಂಡಳು. ಸಾನ್ವಿ ಅವಳ ಜಡೆ ಹಿಡಿದು ಆಡುತ್ತಿದ್ದಳು. ಆ ಒಂದು ಕೋಣೆಯಲ್ಲಿ ಅಷ್ಟು ನಗು ಕೇಳಿದ್ದು ಅದೇ ಮೊದಲು.

ಮರುದಿನ ಸಂಜೆ ಶಿವು ವಿಡಿಯೋ ಕರೆ ಮಾಡಿದ. ಹೊಲದಲ್ಲೇ ನಿಂತಿದ್ದ. ಹಿಂದೆ ಸೊರಗಿದ ತೊಗರಿ ಸಾಲು.

"ನೋಡಕ್ಕಾ, ನೆಟೆ ರೋಗ ಬಂದದ. ನಿಂತಂಗ ನಿಂತು ಒಣಗಲಕತ್ತಾವ."

ಥೋಕೊ ನನ್ನ ಭುಜದ ಮೇಲಿಂದ ಬಾಗಿ ನೋಡಿದಳು. ಕನ್ನಡ ಬಾರದಿದ್ದರೂ ಗಿಡ ನೋಡಿದೊಡನೆ ನಾಲಿಗೆ ಲೊಚಗುಟ್ಟಿದಳು. "ನಮ್ಮಲ್ಲೂ ಇದೇ. ಬುಡ ಸೀಳಿದರೆ ಒಳಗೆ ಕಪ್ಪು ಗೆರೆ ಇರುತ್ತದೆ ಅಲ್ಲವೇ ಎಂದು ಕೇಳು."

ಕೇಳಿದೆ. ಶಿವು ಒಂದು ಗಿಡ ಕಿತ್ತು ಉಗುರಿನಿಂದ ಸೀಳಿ ತೋರಿಸಿದ. ಕಪ್ಪು ಗೆರೆ ಇತ್ತು. ಅವನ ಮುಖ ಅರಳಿತು. "ಏ, ಈಕಿಗಿ ಗೊತ್ತದಲ್ಲ! ಯಾರಿವರು? ಬಿತ್ತೋ ಮಂದಿನೇ ಇರಬೇಕು." ಆಮೇಲೆ ಇಬ್ಬರದೂ ಮಾತೇ ಮಾತು, ನಡುವೆ ನಾನು ದುಭಾಷಿ. ಕಾಯಿಕೊರಕ ಹುಳುವಿನ ಕಾಟ, ಮಳೆಯ ಆಟ, ಕೂಲಿಗೆ ಜನ ಸಿಗದ ಗೋಳು. ಅವಳು ಮೆಕ್ಕೆಜೋಳದ ನಡುವೆ ತೊಗರಿ ಹಾಕುತ್ತೇವೆ ಎಂದಳು, ಅವನು ನಾವು ಹೆಸರುಕಾಳಿನ ನಡುವೆ ಎಂದ. ಮಾತು ಎಲ್ಲಿಗೆ ತಿರುಗುತ್ತದೆಂದು ನನಗೆ ಗೊತ್ತಿತ್ತು. ಕರೆ ಕತ್ತರಿಸಬೇಕೆಂದು ಬೆರಳು ಎತ್ತುವಷ್ಟರಲ್ಲಿ ಅವನೇ ಕೇಳಿಬಿಟ್ಟ.

"ಯಾವ ದೇಶದವ್ರಕ್ಕಾ ಇವ್ರು?"

ಆ ಪ್ರಶ್ನೆ ಥೋಕೊಗೂ ಅರ್ಥವಾಯಿತು. ಅವಳು ಎದೆಯ ಮೇಲೆ ಕೈಯಿಟ್ಟು, ನಗುತ್ತ, ತಾನೇ ಹೇಳಿದಳು: "ಮಲಾವಿ."

ಶಿವುನ ಮುಖದ ನಗು ಹಾಗೇ ಇತ್ತು, ಆದರೆ ಕಣ್ಣು ಬದಲಾದವು.

"ಇವ್ರೇ ಏನಕ್ಕಾ ಕಳಸೋರು?"

ಹೌದೆಂದು ತಲೆಯಾಡಿಸಿದೆ.

"ಮತ್ತ ನೀ ಅಲ್ಲಿ ಏನ್ ಮಾಡ್ಲಕತ್ತಿ?"

"ಕಾಳು ಪಾಸ್ ಮಾಡ್ತೀನಪ್ಪ."

ಅವನು ಕರೆ ಕತ್ತರಿಸಿದ. ಥೋಕೊ ನೆಟ್‌ವರ್ಕ್ ಹೋಯಿತೇ ಎಂದು ಕೇಳಿದಳು. ನಾನು ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಿಮ್ಮ ತೊಗರಿ ನಮ್ಮ ರಾಶಿಗೆ ಸ್ವಲ್ಪ ಮುಂಚೆ ಬಂದು ಬೀಳುತ್ತದೆ, ನಮ್ಮವರ ದರ ಇಳಿಯುತ್ತದೆ, ಅವರ ಸಿಟ್ಟು ಸುಳ್ಳಲ್ಲ. ಕೆಲವು ವರ್ಷಗಳ ಹಿಂದೆ, ಹಮೀದ್ ಹೇಳಿದ ಆ ಕಿಟಕಿ ಇನ್ನೂ ಇಲ್ಲದಿದ್ದಾಗ, ಸರ್ಕಾರ ಆಮದಿಗೆ ಮಿತಿ ಹಾಕಿತ್ತು. ಶಿವು ಮತ್ತು ಅವನ ಗೆಳೆಯರು ಅದಕ್ಕಾಗಿ ಕಲಬುರಗಿಯಲ್ಲಿ ಬಿಸಿಲಲ್ಲಿ ಧರಣಿ ಕೂತಿದ್ದರು. ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಪೇಢೆ ಹಂಚಿದೆವು, ನಾನೇ ಓಣಿಯ ಮನೆಮನೆಗೆ ಕೊಟ್ಟು ಬಂದಿದ್ದೆ. ಇದನ್ನೂ ಹೇಳಿದೆ, ಯಾಕೆ ಹೇಳಿದೆನೋ.

ಥೋಕೊ ಯಾವ ವರ್ಷ ಎಂದು ಕೇಳಿದಳು. ಹೇಳಿದೆ.

"ಆ ವರ್ಷ ಕೊಳ್ಳುವ ಲಾರಿಗಳು ಬರಲಿಲ್ಲ," ಎಂದಳು. "ನಮಗೆ ಯಾಕೆ ಎಂದೇ ಗೊತ್ತಿರಲಿಲ್ಲ. ಪ್ರತಿವರ್ಷ ಅವು ಬರುವ ರಸ್ತೆಯ ಅಂಚಿನಲ್ಲಿ ಚೀಲ ಹೊತ್ತು ತಂದು ಕಾಯುತ್ತಿದ್ದೆವು. ಎಷ್ಟೋ ದಿನ ಕಾದ ಮೇಲೆ ಯಾರೋ ಹೇಳಿದರು, ಇಂಡಿಯಾ ಬೇಡ ಎಂದಿದೆಯಂತೆ. ಒಂದು ಇಡೀ ದೇಶ ಒಂದೇ ಬೆಳಗಿನಲ್ಲಿ ಬೇಡ ಎನ್ನಬಹುದು ಎಂದು ನಮಗೆ ಹೊಳೆದಿರಲಿಲ್ಲ. ತಿಂದೆವು, ಆಡುಗಳಿಗೆ ಹಾಕಿದೆವು, ಉಳಿದದ್ದಕ್ಕೆ ಹುಳು ಬಿತ್ತು. ನನ್ನ ತಂಗಿ ನರ್ಸಿಂಗ್ ಓದುತ್ತಿದ್ದಳು, ಬಿಟ್ಟು ಜೋಹಾನ್ಸ್‌ಬರ್ಗಿಗೆ ಮನೆಗೆಲಸಕ್ಕೆ ಹೋದಳು. ಇನ್ನೂ ಬಂದಿಲ್ಲ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಅಲುಗಾಡಿಸಿತು. ನಾನು ಓಣಿಯಲ್ಲಿ ಪೇಢೆ ತಟ್ಟೆ ಹಿಡಿದು ನಡೆಯುತ್ತಿದ್ದಾಗ ಇವಳು ರಸ್ತೆಯ ಅಂಚಿನಲ್ಲಿ ಕೂತಿದ್ದಳು. ಒಂದೇ ಸುದ್ದಿ ಅದು. ಚಹಾ ಮಾಡಲು ಎದ್ದೆ.

ಮುಂಬೈಯವರ ಜೊತೆ ಭೇಟಿ ಅಲ್ ಬರ್ಷಾದ ಒಂದು ಹೋಟೆಲಿನಲ್ಲಿ ಎಂದು ನಿಗದಿಯಾಗಿತ್ತು. ಥೋಕೊ ಮೇಳದಿಂದ ನೇರ ಅಲ್ಲಿಗೆ ಬರುವವಳು, ಹಮೀದ್ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೊರಟರು. ಶೇಖ್ ಜಾಯೆದ್ ರಸ್ತೆಯಲ್ಲಿ ಸಾಲುಗಟ್ಟಿದ ಕಾರುಗಳ ನಡುವೆ ಅವರು ಮಾತು ತೆಗೆದರು.

"ಆ ಸೋರಿದ ಕಂಟೇನರ್ ಉಂಟಲ್ಲ, ಅದನ್ನು ತೆರೆದದ್ದು ಮುಂಬೈಯವ್ರಿಗೆ ಗೊತ್ತಾಗಿದೆ. ಒಳಗೆ ಬೇರೆ ದೇಶದ್ದು ಸೇರಿಸಿದ್ದಾರೆ ಅಂತ ಅನುಮಾನ ಅವ್ರಿಗೆ. ಹಾಗಾದ್ರೆ ಆ ಕಿಟಕಿಯಲ್ಲಿ ಮಾಲು ಹೋಗುದಿಲ್ಲ. ಅವ್ರು ಬೇಡ ಅಂತಾರೆ."

"ಸೇರಿಸಿಲ್ಲಲ್ರಿ. ನಾ ಅಲ್ಲೇ ನಿಂತಿದ್ದೆ."

"ಗೊತ್ತುಂಟು ಮಾರಾಯ್ರೆ." ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆದ್ರೆ ನೀವು ಎಂಥದೂ ಹೇಳ್ಬೇಡಿ. ಅವ್ರು ಬೇಡ ಅಂದ್ರೆ ಆ ಮಾಲು ಎಲ್ಲಿಗೆ ಹೋಗ್ತದೆ? ವಾಪಸ್ ಮಲಾವಿಗೆ ಹೋಗ್ಲಿಕ್ಕಾಗುದಿಲ್ಲ. ಇಲ್ಲೇ ನಮ್ಗೇ ಕೊಡ್ಬೇಕು, ನಾವು ಹೇಳಿದ ದರಕ್ಕೆ. ಇಲ್ಲಿ ಬೇಳೆ ಮಾಡಿ ಮಾರುವ."

ನಾನು ಅವರ ಮುಖ ನೋಡಿದೆ. ಸಾನ್ವಿಗೆ ಜ್ವರ ಬಂದಾಗ ಕಾರು ಕಳಿಸಿದ್ದವರು ಇವರೇ. ನನ್ನ ವೀಸಾ ತಡವಾದಾಗ ಕಚೇರಿಯಿಂದ ಕಚೇರಿಗೆ ಅಲೆದವರೂ ಇವರೇ. ಥೋಕೊಗೆ ಹೋಟೆಲು ಸಿಗದಿದ್ದಾಗ ನನ್ನ ಮನೆ ಹುಡುಕಿಕೊಟ್ಟವರು. ಅದೇ ಮನುಷ್ಯ, ಅದೇ ಮೆತ್ತಗಿನ ದನಿಯಲ್ಲಿ, ಇದನ್ನು ಹೇಳುತ್ತಿದ್ದರು.

"ಆಕಿ ನಿಮ್ಮ ಮ್ಯಾಲೆ ಭರೋಸಾ ಇಟ್ಟಾಳ್ರಿ."

"ನಾನೇನು ಸುಳ್ಳು ಹೇಳ್ತೇನಾ? ಹೇಳುದಿಲ್ಲ. ಸುಮ್ಮನಿರ್ತೇನೆ. ವ್ಯಾಪಾರ ಅಂದ್ರೆ ಹಾಗೆ."

ಹೋಟೆಲು ತಲುಪಿ ಅವರು ಕಾರು ನಿಲ್ಲಿಸಲು ಹೋದಾಗ ನಾನು ಬಸವರಾಜನಿಗೆ ಫೋನು ಮಾಡಿದೆ. ಅವನ ಹಿಂದೆ ಡ್ರಿಲ್ಲಿಂಗ್ ಸದ್ದು. ನಡೆದದ್ದನ್ನೆಲ್ಲ ಹೇಳಿದೆ.

"ಸಾನ್ವಿ ನಿನ್ನ ವೀಸಾದ ಮ್ಯಾಲೆ ಅದಾಳ," ಎಂದ. "ಅಷ್ಟ್ ನೆನಪಿಟ್ಕೊ. ಮುಂದ ನನಗ ಕೇಳಬ್ಯಾಡ, ನನಗ ಅಂಜಿಕಿ ಬರ್ಲಕತ್ತದ."

ಕಾಫಿ ಮೇಜಿನ ಸುತ್ತ ನಾಲ್ವರು ಕೂತೆವು. ಮುಂಬೈಯಿಂದ ಬಂದಿದ್ದವರು ತೆಳ್ಳಗಿನ, ಸಭ್ಯ ಮನುಷ್ಯ. ಹಿಂದಿಯಲ್ಲಿ ಶುರುಮಾಡಿ ಥೋಕೊಗಾಗಿ ಇಂಗ್ಲಿಷಿಗೆ ಬಂದರು. "ಮೇಡಂ, ತಪ್ಪು ತಿಳಿಯಬೇಡಿ. ಕಂಟೇನರು ಇಲ್ಲಿ ತೆರೆದಿದೆ. ಒಳಗಿರುವುದು ಪೂರ್ತಿ ಮಲಾವಿಯದೇ ಎಂದು ನಾನು ಯಾರಿಗೆ ಹೇಳಲಿ? ಅಧಿಕಾರಿಗಳು ತಡೆದರೆ ಸುಂಕದ ವಿನಾಯಿತಿ ಹೋಯಿತು, ನನ್ನ ಹೆಸರೂ ಹೋಯಿತು."

ಥೋಕೊ ಮುಂದಕ್ಕೆ ಬಾಗಿದಳು. "ಅದನ್ನು ನಮ್ಮೂರಲ್ಲಿ ನಾವೇ ತುಂಬಿಸಿದ್ದು. ನನ್ನ ಜನರ ಬೆಳೆ ಅದು."

"ನಿಮ್ಮೂರಲ್ಲಿ ತುಂಬಿದ್ದು ನಿಜವಿರಬಹುದು. ಇಲ್ಲಿ ಏನಾಯಿತು?" ಅವರು ಹಮೀದರ ಕಡೆ ತಿರುಗಿದರು.

"ನಾನು ಆವಾಗ ಊರಲ್ಲಿದ್ದೆ," ಎಂದರು ಹಮೀದ್. ಅದು ಸತ್ಯವೇ.

ಥೋಕೊ ನನ್ನನ್ನು ನೋಡಿದಳು.

ಆಗ ನನ್ನೊಳಗೆ ಆದದ್ದನ್ನು ಹೇಳಿಬಿಡಬೇಕು. ಸುಮ್ಮನಿರುವುದು ಎಷ್ಟು ಸುಲಭ, ಎಷ್ಟು ಹಿತ ಅನಿಸಿತು! ಕೆಲಸ ಉಳಿಯುತ್ತದೆ, ಮಗಳು ಶಾಲೆಯಲ್ಲಿ ಉಳಿಯುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ತೊಗರಿ ಈ ಸಲ ನಮ್ಮ ದೇಶಕ್ಕೆ ಹೋಗುವುದಿಲ್ಲ. ಶಿವುನ ಒಣಗಿದ ಸಾಲು ಕಣ್ಣ ಮುಂದಿತ್ತು. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ನಾನು ಒಳ್ಳೆಯ ಅಕ್ಕ, ಒಳ್ಳೆಯ ತಾಯಿ, ಒಳ್ಳೆಯ ಕೆಲಸಗಾರ್ತಿ. ಇಷ್ಟು ಕೆಟ್ಟ ಕೆಲಸಕ್ಕೆ ಇಷ್ಟೊಂದು ಒಳ್ಳೆಯ ಹೆಸರುಗಳು ಸಿಗುತ್ತವೆಂದು ನನಗೆ ತಿಳಿದದ್ದು ಆಗಲೇ.

"ನಾನಿದ್ದೆ," ಎಂದೆ.

ನನ್ನ ದನಿ ನಮ್ಮೂರಿನ ದನಿಯೇ, ದೊಡ್ಡದು. ಪಕ್ಕದ ಮೇಜಿನವರು ತಿರುಗಿದರು. ಸೋರಿದ ಮೂಲೆ, ಒದ್ದೆ ಚೀಲ, ಅಧಿಕಾರಿ ನಿಂತಿದ್ದ ಜಾಗ, ಎಲ್ಲ ಹೇಳಿದೆ. "ಹೊರಗಿನದು ಒಂದು ಕಾಳೂ ಸೇರಿಲ್ಲ. ಬೇಕಾದರೆ ಆ ಅಧಿಕಾರಿಯನ್ನೂ ಕೇಳಿ."

"ಮುಂಬೈಯಲ್ಲಿ ಕೇಳಿದರೂ ಇದನ್ನೇ ಹೇಳುತ್ತೀರಾ?"

"ಹೇಳುತ್ತೇನೆ."

ಆ ಮನುಷ್ಯ ಕಾಫಿ ಲೋಟ ಕೆಳಗಿಟ್ಟು, ಹಮೀದರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಸರಿ ಎಂದು ತಲೆಯಾಡಿಸಿದರು. ಥೋಕೊ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ನನ್ನ ತಮ್ಮನ ಅಂಗೈಯಷ್ಟೇ ಒರಟು.

ವಾಪಸ್ ಬರುವಾಗ ಥೋಕೊ ಹಿಂದಿನ ಸೀಟಿನಲ್ಲಿದ್ದಳು. ಹಮೀದ್ ನಮ್ಮನ್ನು ಡಿಸ್ಕವರಿ ಗಾರ್ಡನ್ಸ್‌ವರೆಗೆ ತಂದು ಬಿಟ್ಟರು. ಕಾರು ನಿಂತ ಮೇಲೆ, ಅವಳಿಗೆ ತಿಳಿಯದಂತೆ ಕನ್ನಡದಲ್ಲಿ ಹೇಳಿದರು.

"ನೀವು ಸುಳ್ಳು ಹೇಳ್ಲಿಲ್ಲ, ಗೊತ್ತುಂಟು. ಆದ್ರೆ ನನ್ನ ಪಕ್ಕ ಕೂತು ನನ್ನನ್ನು ಕಳ್ಳ ಮಾಡಿದ್ರಿ."

"ನಾ ಮಾಡಿಲ್ರಿ," ಎಂದೆ. ಅವರು ಗಾಜು ಏರಿಸಿದರು.

ಥೋಕೊ ಹೋದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಮಾಲು ಮುಂಬೈ ತಲುಪಿ, ಮಲಾವಿಯದೇ ಎಂದು ಪಾಸಾಯಿತು. ನನ್ನ ವೀಸಾ ನವೀಕರಣದ ಸಮಯ ಹತ್ತಿರ ಬರುತ್ತಿತ್ತು. ಹಮೀದ್ ಏನೂ ಹೇಳುತ್ತಿರಲಿಲ್ಲ. ಕೇಳಿದರೆ "ಇನ್ನೂ ಮಾಫಿ" ಎನ್ನುತ್ತಿದ್ದರು, ಇಲ್ಲ ಎಂದರ್ಥ. ನಾನು ಸೂಟ್‌ಕೇಸು ಇಳಿಸಿ ಚಳಿಬಟ್ಟೆ ಮಡಿಸತೊಡಗಿದ್ದೆ. ಶಾಲೆಗೆ ಏನು ಹೇಳುವುದೆಂದು ಬಸವರಾಜನ ಜೊತೆ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಒಂದು ದಿನ ಫ್ಲಾವಿಯಾ ಬಂದು, "ಆಯ್ತಂತೆ, ನಾಳೆ ಮೆಡಿಕಲ್ ಟೆಸ್ಟಿಗೆ ಹೋಗಿ," ಎಂದಳು. ಅವತ್ತು ಸಂಜೆ ಸೂಟ್‌ಕೇಸಿನ ಬಟ್ಟೆಯನ್ನು ಮತ್ತೆ ಕಪಾಟಿಗೆ ಇಟ್ಟೆ. ಹಮೀದ್ ನನ್ನನ್ನು ಉಳಿಸಿಕೊಂಡರು, ಆದರೆ ತೊಗರಿಯಿಂದ ತೆಗೆದು ಮೆಣಸು ಮಸಾಲೆಯ ಕಡೆ ಹಾಕಿದರು. ಈಗಲೂ ಎದುರಾದರೆ "ಹೇಗುಂಟು ಮಗಳು?" ಎಂದು ಕೇಳುತ್ತಾರೆ. ಮೊದಲಿನಂತೆ ಕಾರಿನಲ್ಲಿ ಕರೆಯುವುದಿಲ್ಲ.

ಶಿವುಗೆ ನಾನೇ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು.

"ಅಲ್ಲಕ್ಕಾ, ನೀ ಅವ್ರ ಪರ ಸಾಕ್ಷಿ ಹೇಳ್ದಿ?"

"ಇದ್ದದ್ದು ಹೇಳ್ದೆ ಶಿವು."

"ನಮ್ಮದೂ ಇದ್ದದ್ದೇ ಅದಲ್ಲ. ಅದನ್ಯಾರು ಹೇಳ್ತಾರ?"

ಅವನು ಮಾತು ಬಿಟ್ಟಿಲ್ಲ. ವಾರಕ್ಕೊಮ್ಮೆ ಮಾಡುತ್ತಾನೆ, ಸಾನ್ವಿಯನ್ನು ನಗಿಸುತ್ತಾನೆ. ಹೊಲದ ವಿಷಯ ಮಾತ್ರ ಎತ್ತುವುದಿಲ್ಲ. "ಬೆಳಿ ಹ್ಯಾಂಗದ?" ಎಂದರೆ "ಅದ, ಆರಾಮದ" ಎನ್ನುತ್ತಾನೆ, ಯಾರೋ ಹೊರಗಿನವರಿಗೆ ಹೇಳುವಂತೆ. ಥೋಕೊ ಮಾತ್ರ ಮೊಳಕೆಯಿಂದ ಹಿಡಿದು ಹೂವಿನವರೆಗೆ ಎಲ್ಲದರ ಫೋಟೋ ಕಳಿಸುತ್ತಾಳೆ. ನಮ್ಮಪ್ಪ ಉತ್ತಿದ ಹೊಲದಲ್ಲಿ ಈ ಸಲ ಏನಾಗಿದೆ ಎಂದು ನನಗೆ ಗೊತ್ತಿಲ್ಲ. ನಾನು ಕಾಲಿಡದ ದೇಶದ ಹೊಲವೊಂದರಲ್ಲಿ ಎಷ್ಟು ಸಾಲು ಹೂ ಬಿಟ್ಟಿವೆ ಎಂದು ಗೊತ್ತಿದೆ.

ಕಳೆದ ವಾರ ಮತ್ತೆ ಸುದ್ದಿ ಹಬ್ಬಿದೆ, ತೊಗರಿ ಆಮದಿನ ನಿಯಮವನ್ನು ಇಂಡಿಯಾ ಬದಲಿಸುತ್ತದಂತೆ. ತೆರೆಯುತ್ತದೋ ಮುಚ್ಚುತ್ತದೋ ಯಾರಿಗೂ ತಿಳಿಯದು. ಥೋಕೊ ಏನಾದರೂ ಗೊತ್ತಾಯಿತೇ ಎಂದು ಕೇಳಿದ್ದಳು. ದೇವರ ಮುಂದೆ ದೀಪ ಹಚ್ಚಿ ನಿಂತರೆ ಏನು ಬೇಡಬೇಕು ಎಂದು ಹೊಳೆಯುವುದಿಲ್ಲ. ಊರಲ್ಲೇ ಇದ್ದಿದ್ದರೆ ಕಣ್ಣು ಮುಚ್ಚಿ ಬೇಡುತ್ತಿದ್ದೆ.

ನಿನ್ನೆ ಸಂಜೆ ಸಾನ್ವಿಯ ಜೊತೆ ಹತ್ತಿರದ ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದೆ. ಬೇಳೆಯ ಸಾಲಿನಲ್ಲಿ ನಿಂತು ಪೊಟ್ಟಣಗಳನ್ನು ತಿರುಗಿಸಿ ನೋಡುತ್ತಿದ್ದೆ. ಹಳದಿ ಬೇಳೆ, ಒಂದೇ ಗಾತ್ರ, ಒಂದೇ ಹೊಳಪು. ಇದು ಯಾರ ಹೊಲದ್ದು ಎಂದು ವೃತ್ತಿಯಲ್ಲೇ ಇರುವ ನನಗೂ ಹೇಳಲಾಗುತ್ತಿರಲಿಲ್ಲ. ಸಾನ್ವಿ ಒಂದನ್ನು ಎತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದಳು.

"ಪ್ರಾಡಕ್ಟ್ ಆಫ್ ಯುಎಇ," ಎಂದಳು. "ಇಟ್ಸ್ ಫ್ರಮ್ ಹಿಯರ್, ಅಮ್ಮಾ."

"ಇಲ್ಲಿ ಒಂದು ತೊಗರಿ ಗಿಡಾನೂ ಇಲ್ಲ ಪುಟ್ಟಿ. ಇಲ್ಲಿ ಬರೇ ಒಡದು ಪ್ಯಾಕ್ ಮಾಡಿದ್ದು."

"ಬಟ್ ಇಟ್ ಸೇಸ್ ಹಿಯರ್."

ನನಗೆ ಏನನ್ನಿಸಿತೋ, ಕೇಳಿಬಿಟ್ಟೆ. "ಹಂಗಾದ್ರ ನೀ ಎಲ್ಲಿಯಾಕಿ?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಪೊಟ್ಟಣವನ್ನು ತಳ್ಳುಗಾಡಿಗೆ ಹಾಕುತ್ತ, ನಾನು ಚಿತ್ತಾಪುರ ಎನ್ನುವ ಅದೇ ಧಾಟಿಯಲ್ಲಿ, "ಡಿಸ್ಕವರಿ ಗಾರ್ಡನ್ಸ್," ಎಂದಳು. ಆಮೇಲೆ ನನ್ನನ್ನು ಅಲ್ಲೇ ನಿಲ್ಲಿಸಿ ಗಾಡಿ ತಳ್ಳಿಕೊಂಡು ಮುಂದೆ ಹೋದಳು.